ನೆತ್ತರ ಪರೀಕ್ಷೆಯೂ ನೆಂಟಸ್ತನವೂ

(ಗೋವಿನಕೋವಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ)

1970ರ ದಶಕದ ನಡುಭಾಗದಲ್ಲಿ ಸಾಗರ ತಾಲ್ಲೂಕಿನ ಹಂದಿಗೋಡಿನ ಹೆಸರು ಪತ್ರಿಕೆಗಳಲ್ಲಿ ಕಾಣಿಸತೊಡಗಿತು. ಗದ್ದೆ ಕೂಲಿಯಿಂದ ಬದುಕುತ್ತಿದ್ದ ಚನ್ನಂಗಿ ಮತ್ತು ಛಲವಾದಿ ಕುಟುಂಬಗಳಲ್ಲಿ ಸೊಂಟದ ಕೀಲು, ಮೊಣಕಾಲು ಹಿಡಿದುಕೊಳ್ಳುತ್ತಿದ್ದವು. ನಡಿಗೆ ವಾಲುತ್ತಿತ್ತು, ಬಾಗಿ ನಾಟಿ ಮಾಡುವುದು ಆಗದಾಗುತ್ತಿತ್ತು. ಕೆಲವು ಮನೆಗಳಲ್ಲಿ ಮಕ್ಕಳು ಎತ್ತರಕ್ಕೇ ಬೆಳೆಯುತ್ತಿರಲಿಲ್ಲ. ಹಂದಿಗೋಡು ಕಾಯಿಲೆ ಎಂದು ಊರಿನ ಹೆಸರೇ ರೋಗಕ್ಕೆ ಅಂಟಿತು. ಗೋವಿನಕೋವಿಯ ಜನ ಇದನ್ನು ಬೇರೆ ಸೀಮೆಯ ಸುದ್ದಿ ಎಂದುಕೊಳ್ಳಬೇಕಿಲ್ಲ. ಗೋವಿನಕೋವಿ ಇದ್ದ ಹೊನ್ನಾಳಿ ತಾಲ್ಲೂಕು ದಾವಣಗೆರೆ ಜಿಲ್ಲೆಗೆ ಸೇರಿದ್ದು 1997ರ ಆಗಸ್ಟ್ 15ರಂದು. ಅಲ್ಲಿಯವರೆಗೆ ಗೋವಿನಕೋವಿಗೂ ಹಂದಿಗೋಡಿಗೂ ಶಿವಮೊಗ್ಗ ಒಂದೇ ಜಿಲ್ಲಾ ಕೇಂದ್ರವಾಗಿತ್ತು.

ಕಾಯಿಲೆಗೆ ಮೊದಲು ಸಿಕ್ಕ ಕಾರಣ ಏಡಿ. ಭತ್ತದ ಗದ್ದೆಗೆ ಹೊಸದಾಗಿ ಕೀಟನಾಶಕ ಬಂದಿತ್ತು. ಕೂಲಿಯವರು ಅದೇ ಗದ್ದೆಯ ಏಡಿ, ಮೀನು ಹಿಡಿದು ಸಾರು ಮಾಡಿಕೊಳ್ಳುತ್ತಿದ್ದರು. ವಿಷ ಏಡಿಯೊಳಗೆ ಸೇರಿ, ಏಡಿಯಿಂದ ಎಲುಬಿಗೆ ಇಳಿದಿರಬೇಕು ಎಂಬ ಊಹೆ ಬಲವಾಗಿ ಹಬ್ಬಿತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ತಜ್ಞರು ಬಂದು ಅಧ್ಯಯನ ಮಾಡಿದರು. ಕಾಯಿಲೆ ಮನೆಮನೆಯೊಳಗೇ ಸುತ್ತುತ್ತಿದೆ ಎಂಬುದು ಅವರಿಗೂ ಕಂಡಿತು. ಅವರು ಕೊಟ್ಟ ಹೆಸರಿನಲ್ಲೇ ಕುಟುಂಬದ ಮಾತು ಇತ್ತು: ಮಲೆನಾಡಿನ ಕೌಟುಂಬಿಕ ಸಂಧಿವಾತ. 1994ರಲ್ಲಿ ಲಖನೌದ ಸಂಜಯ ಗಾಂಧಿ ಸ್ನಾತಕೋತ್ತರ ವೈದ್ಯಕೀಯ ಸಂಸ್ಥೆಯ ಎಸ್.ಎಸ್. ಅಗರ್ವಾಲ್ ಮತ್ತು ಸಂಗಡಿಗರು ಎಕ್ಸ್‌ರೇಗಳನ್ನು ಕೂಲಂಕಷವಾಗಿ ನೋಡಿ, ಇದು ಬೆನ್ನೆಲುಬು ಮತ್ತು ಕೀಲುಗಳ ಬೆಳವಣಿಗೆಯ ಒಂದು ಆನುವಂಶಿಕ ದೋಷ, ತಂದೆ ತಾಯಿಯರಲ್ಲಿ ಒಬ್ಬರಿಂದ ಬಂದರೂ ಸಾಕು, ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಾಧ್ಯತೆ ಎಂದು ಪ್ರಕಟಿಸಿದರು.

ವಿಜ್ಞಾನ ಮುಂದೆ ಹೋಯಿತು ಎಂದು ಇಲ್ಲಿಗೆ ನಿಲ್ಲಿಸಿದರೆ ಅರ್ಧ ಕಥೆ ಮಾತ್ರ. ಏಡಿಯ ಕಥೆಯಲ್ಲಿ ತಪ್ಪು ಹೊರಗಿತ್ತು. ಔಷಧಿ ಹೊಡೆಸಿದ ಜಮೀನುದಾರ, ಮಾರಿದ ಅಂಗಡಿ, ಪರವಾನಗಿ ಕೊಟ್ಟ ಸರ್ಕಾರ ಎಲ್ಲರೂ ಉತ್ತರ ಹೇಳಬೇಕಿತ್ತು. ಜೀನಿನ ಕಥೆ ಬಂದಾಗ ತಪ್ಪು ಮನೆಯೊಳಗೇ ಬಂದು ಕೂತಿತು. ಹೊರಗಿನವರು ಆ ಊರುಗಳಿಂದ ಹೆಣ್ಣು ತರಲು, ಅಲ್ಲಿಗೆ ಹೆಣ್ಣು ಕೊಡಲು ಹಿಂಜರಿಯುತ್ತಾರೆ ಎಂಬ ವರದಿಗಳು ಮತ್ತೆಮತ್ತೆ ಬಂದಿವೆ. ಜಾತಿಯ ಕಾರಣಕ್ಕೆ ಮೊದಲೇ ದೂರ ಇಟ್ಟಿದ್ದ ಜನರಿಗೆ ಈಗ ರಕ್ತದ ಕಾರಣವೂ ಸೇರಿಕೊಂಡಿತು. ತಂಡದ ಮೇಲೆ ತಂಡ ಬಂದು ರಕ್ತ ತೆಗೆದುಕೊಂಡು ಹೋದರೂ ತಮಗೆ ಸಿಕ್ಕಿದ್ದೇನು ಎಂದು ಅವರು ಕೇಳಿದ್ದರಲ್ಲಿ ಅಜ್ಞಾನ ಏನೂ ಇಲ್ಲ. ಪಾಠ ಕಲಿತವರ ಪ್ರಶ್ನೆ ಅದು.

ವಂಶವಾಹಿ ತಪಾಸಣೆಯ ಬಗ್ಗೆ ಜನ ಏನೆಂದುಕೊಳ್ಳುತ್ತಾರೆ ಎಂಬ ಚರ್ಚೆ ಎಲ್ಲಿ ನಡೆದರೂ, ತಿಳಿವಳಿಕೆ ಹೆಚ್ಚಾದರೆ ಒಪ್ಪಿಗೆ ತಾನಾಗಿ ಬರುತ್ತದೆ ಎಂಬ ನಂಬಿಕೆ ಅದರ ತಳದಲ್ಲಿರುತ್ತದೆ. ಈ ಉಪನ್ಯಾಸದ ವಾದ ಬೇರೆ. ಜನ ಪರೀಕ್ಷೆಯನ್ನು ತೂಗುವುದು ಅದರ ಫಲಿತಾಂಶ ಯಾರ ಕೈಗೆ ಹೋಗುತ್ತದೆ, ಅದರಿಂದ ಮನೆಯ ಮಕ್ಕಳ ಮದುವೆಗೆ ಏನಾಗುತ್ತದೆ, ಆಮೇಲೆ ಆಸ್ಪತ್ರೆ ಜೊತೆಗೆ ನಿಲ್ಲುತ್ತದೆಯೇ ಎಂಬ ಲೆಕ್ಕದಲ್ಲಿ. ಆ ಲೆಕ್ಕ ತಪ್ಪಲ್ಲ.

ಮೊದಲು ವಿಷಯವನ್ನು ಸ್ವಲ್ಪ ಬಿಡಿಸಿಕೊಳ್ಳಬೇಕು. ಹಂದಿಗೋಡಿನಂಥ ಕಾಯಿಲೆಯಲ್ಲಿ ದೋಷವಿದ್ದವರಲ್ಲಿ ಅದು ಸಾಮಾನ್ಯವಾಗಿ ಮೈಮೇಲೇ ಕಾಣುತ್ತದೆ. ಸಿಕಲ್ ಸೆಲ್, ಥಲಸ್ಸೇಮಿಯಾದಂಥ ರಕ್ತದ ಕಾಯಿಲೆಗಳು ಹಾಗಲ್ಲ. ದೋಷದ ಒಂದೇ ಪ್ರತಿ ಇರುವವರು ಆರೋಗ್ಯವಾಗಿ ದುಡಿದು, ಮೊಮ್ಮಕ್ಕಳನ್ನು ಕಂಡು ಹೋಗುತ್ತಾರೆ. ಇವರು ವಾಹಕರು. ಇಬ್ಬರು ವಾಹಕರು ಮದುವೆಯಾದರೆ ಮಾತ್ರ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಸಾಧ್ಯತೆ ಮಗುವಿಗೆ ಕಾಯಿಲೆ ಬರಲು. ಹೊನ್ನಾಳಿ, ನ್ಯಾಮತಿಯ ಮೆಕ್ಕೆಜೋಳದ ರೈತನಿಗೆ ಇದು ಹೊಸದಲ್ಲ. ಹೈಬ್ರಿಡ್ ಬೆಳೆಯಲ್ಲಿ ಎಲ್ಲ ಗಿಡಗಳೂ ಒಂದೇ ಸಮ ನಿಂತಿರುತ್ತವೆ. ಅದರ ಕಾಳನ್ನೇ ಉಳಿಸಿ ಮರುವರ್ಷ ಬಿತ್ತಿದರೆ ಅಡಗಿದ್ದ ಗುಣಗಳೆಲ್ಲ ಚದುರಿ ಹೊರಗೆ ಬರುತ್ತವೆ, ಗಿಡ್ಡದು, ಸಣ್ಣ ತೆನೆಯದು, ಎಲ್ಲವೂ. ಮನುಷ್ಯರಲ್ಲೂ ಅಡಗಿದ ಗುಣ ಅಡಗಿಯೇ ತಲೆಮಾರು ದಾಟುತ್ತದೆ. ಪ್ರತಿಯೊಬ್ಬರಲ್ಲೂ ಇಂಥವು ಕೆಲವು ಇದ್ದೇ ಇರುತ್ತವೆ. ತಪಾಸಣೆ ಎಂದರೆ ಕಾಯಿಲೆ ಇಲ್ಲದವರಲ್ಲಿ ಈ ಅಡಗಿದ್ದನ್ನು ಹುಡುಕುವುದು. ಆದ್ದರಿಂದಲೇ ಅದು ನೆಂಟಸ್ತನದ ವಿಷಯವಾಗುತ್ತದೆ.

ನೆಂಟಸ್ತನ ಎಂದಕೂಡಲೇ ಸೋದರಿಕೆಯ ಮಾತು ಬರಲೇಬೇಕು. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಶೇ. 27ರಷ್ಟು ಮಹಿಳೆಯರು ರಕ್ತಸಂಬಂಧಿಗಳನ್ನೇ ಮದುವೆಯಾಗಿದ್ದಾರೆ. ತಮಿಳುನಾಡಿನಲ್ಲಿ ಶೇ. 28. ದೇಶದ ಸರಾಸರಿ ಶೇ. 11 ಮಾತ್ರ. ಸೋದರಮಾವನಿಗೆ ಅಕ್ಕನ ಮಗಳು, ಸೋದರತ್ತೆಯ ಮಗನಿಗೆ ಅಣ್ಣನ ಮಗಳು ಎಂಬ ಪದ್ಧತಿ ಇಲ್ಲಿ ಹುಟ್ಟಿದ್ದು ಸುಮ್ಮನೆ ಅಲ್ಲ. ಹೊಲ ಹರಿದು ಹಂಚಿಹೋಗದಿರಲಿ, ಮಗಳು ಕಾಣದ ಮನೆಯಲ್ಲಿ ಕಣ್ಣೀರಿಡದಿರಲಿ, ವಯಸ್ಸಾದ ತಾಯಿಗೆ ಸೊಸೆಯಾಗಿ ಬರುವವಳು ತಮ್ಮನ ಮಗಳೇ ಆಗಿರಲಿ ಎಂಬ ಆಸೆಗಳು ಅದರ ಹಿಂದಿವೆ.

ಆರೋಗ್ಯದ ಲೆಕ್ಕವನ್ನು ಉತ್ಪ್ರೇಕ್ಷೆ ಇಲ್ಲದೆ ಹೇಳಬೇಕು. ಯಾವುದೇ ದಂಪತಿಗೆ ಗಂಭೀರ ಹುಟ್ಟುದೋಷದ ಮಗು ಆಗುವ ಸಾಧ್ಯತೆ ನೂರಕ್ಕೆ ಎರಡು ಮೂರು. ಅತ್ತೆ ಮಾವಂದಿರ ಮಕ್ಕಳ ನಡುವಣ ಮದುವೆಯಲ್ಲಿ ಅದು ಇನ್ನೂ ಎರಡು ಮೂರು ಹೆಚ್ಚುತ್ತದೆ. ಮಾವ ಮತ್ತು ಅಕ್ಕನ ಮಗಳ ಮದುವೆಯಲ್ಲಿ ಅಪಾಯ ಮತ್ತಷ್ಟು, ಯಾಕೆಂದರೆ ಅವರು ಹಂಚಿಕೊಂಡಿರುವ ವಂಶವಾಹಿಗಳು ಅತ್ತೆ ಮಾವಂದಿರ ಮಕ್ಕಳು ಹಂಚಿಕೊಂಡಿರುವುದರ ಎರಡರಷ್ಟು. 1980ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿ ರಾವ್ ಮತ್ತು ಸಂಗಡಿಗರು ಕರ್ನಾಟಕದ ಒಂದು ಲಕ್ಷಕ್ಕೂ ಹೆಚ್ಚು ನವಜಾತ ಶಿಶುಗಳ ರಕ್ತ ಪರೀಕ್ಷಿಸಿ ಅಮೈನೋ ಆಮ್ಲಗಳ ದೋಷಗಳನ್ನು ಹುಡುಕಿದರು. ಆ ಕಾಲಕ್ಕೆ ದೇಶದಲ್ಲೇ ಅಂಥ ದೊಡ್ಡ ಪ್ರಯತ್ನ ಅಪರೂಪ. ಬ್ರಿಟಿಷ್ ವಿಜ್ಞಾನಿ ಎ.ಎಚ್. ಬಿಟಲ್ಸ್ ಅವರೊಂದಿಗೆ ಸೇರಿ ನಡೆದ ಕೆಲಸದಲ್ಲಿ ಸೋದರಿಕೆ ಮದುವೆಗಳ ಪರಿಣಾಮವೂ ದಾಖಲಾಯಿತು. ಅಪಾಯ ನಿಜ. ಆದರೆ ಬಹುಪಾಲು ಸೋದರಿಕೆ ದಂಪತಿಗಳ ಮಕ್ಕಳು ಆರೋಗ್ಯವಾಗಿಯೇ ಹುಟ್ಟುತ್ತಾರೆ ಎಂಬುದೂ ನಿಜ. ಈ ಎರಡನೆಯ ಮಾತನ್ನು ಮುಚ್ಚಿಟ್ಟು ಮೊದಲನೆಯದನ್ನು ಮಾತ್ರ ಹೇಳುವ ವೈದ್ಯರನ್ನು ಊರಿನವರು ನಂಬುವುದಿಲ್ಲ. ಸೋದರಿಕೆ ಮದುವೆಯಾಗಿ ನಾಲ್ಕು ಗಟ್ಟಿ ಮಕ್ಕಳನ್ನು ಸಾಕಿದ ಅಜ್ಜಿ ಪ್ರತಿ ಓಣಿಯಲ್ಲೂ ಇದ್ದಾಳೆ.

ಇನ್ನೊಂದು ತೊಡಕೂ ಇದೆ. ಹಂದಿಗೋಡು ಕಾಯಿಲೆಗೆ ಸೋದರಿಕೆ ಕಾರಣ ಅಲ್ಲ. ಒಬ್ಬ ತಂದೆಯಿಂದಲೋ ತಾಯಿಯಿಂದಲೋ ಬರುವ ದೋಷ ಅದು. ದೂರದ ಊರಿನ, ಬೇರೆ ಕುಲದ ಹೆಣ್ಣು ತಂದರೂ ಮಗುವಿನ ಸಾಧ್ಯತೆ ಅರ್ಧಕ್ಕರ್ಧವೇ. ರಕ್ತಸಂಬಂಧ ಬಿಟ್ಟರೆ ಎಲ್ಲ ಸರಿಹೋಗುತ್ತದೆ ಎಂಬ ಒಂದೇ ಸಾಲಿನ ಉಪದೇಶವನ್ನು ಅಲ್ಲಿನವರಿಗೆ ಹೇಳುವುದು ತಪ್ಪು, ಕ್ರೂರ ಕೂಡ.

ವಂಶದ ಲೆಕ್ಕ ಇಡುವುದು ಈ ಸೀಮೆಗೆ ಪ್ರಯೋಗಾಲಯದ ಜೊತೆ ಬಂದದ್ದಲ್ಲ. ಎತ್ತಿನ ಜೊತೆ ಊರಿಂದೂರಿಗೆ ಬರುವ ಹೆಳವರು ಒಕ್ಕಲು ಮನೆತನಗಳ ತಲೆಮಾರುಗಳನ್ನು ಬರೆದಿಟ್ಟು ಅಂಗಳದಲ್ಲಿ ಓದಿ ಹೇಳುತ್ತಾರೆ. ಯಾರ ಮಗ ಯಾರು, ಯಾವ ಊರಿನಿಂದ ಬಂದವರು, ಯಾವ ಕವಲು ಎಲ್ಲಿ ನೆಲೆಸಿತು ಎಲ್ಲವೂ ಅವರ ಪುಸ್ತಕದಲ್ಲಿ ಇರುತ್ತದೆ. ಒಂದೇ ಬೆಡಗಿನವರು ಅಣ್ಣ ತಮ್ಮಂದಿರು, ಕೊಟ್ಟು ತರುವಂತಿಲ್ಲ ಎಂಬ ಕಟ್ಟು ಹಲವು ಸಮುದಾಯಗಳಲ್ಲಿದೆ. ನ್ಯಾಮತಿಯ ಸೂರಗೊಂಡನಕೊಪ್ಪ ಸಂತ ಸೇವಾಲಾಲರ ನೆಲ. ಅಲ್ಲಿ ಸೇರುವ ಬಂಜಾರರೂ ಗೋತ್ರ ಕೇಳದೆ ನೆಂಟಸ್ತನದ ಮಾತು ಎತ್ತುವುದಿಲ್ಲ. ಸಾಲಾವಳಿ ನೋಡದೆ ಹೆಣ್ಣು ಒಪ್ಪದ ಮನೆಗಳು ಈಗಲೂ ಸಾಕಷ್ಟಿವೆ. ಮದುವೆಗೆ ಮುಂಚೆ ವಂಶ ವಿಚಾರಿಸುವುದು ಹೀಗೆ ಹಳೆಯ ಸಂಗತಿ. ಆ ವಿಚಾರಣೆಯಲ್ಲಿ ಸೋತವರು ಸಾಮಾನ್ಯವಾಗಿ ಯಾರು ಎಂಬುದೂ ಹಳೆಯ ಸಂಗತಿಯೇ. ದೋಷ ಇರುವುದು ಹೆಣ್ಣಿನ ಜಾತಕದಲ್ಲಿ, ಬಂಜೆ ಎನ್ನಿಸಿಕೊಳ್ಳುವುದು ಹೆಣ್ಣು, ಅಂಗವಿಕಲ ಮಗು ಹುಟ್ಟಿದರೆ ತವರಿನ ರಕ್ತಕ್ಕೆ ಬೆರಳು. ವಂಶವಾಹಿ ಪರೀಕ್ಷೆ ಈ ಹಳೆಯ ಹಾದಿಯಲ್ಲೇ ಹರಿಯುತ್ತದೆಯೋ, ಬೇರೆ ಹಾದಿ ಮಾಡಿಕೊಳ್ಳುತ್ತದೆಯೋ ಎಂಬುದು ಈಗ ನಿರ್ಧಾರವಾಗಬೇಕಾದ ವಿಷಯ.

ಗ್ರೀಸ್ ದೇಶದ ಒರ್ಕೊಮೆನೊಸ್ ಎಂಬ ಊರಿನ ಕಥೆ ಇಲ್ಲಿ ಕೇಳಬೇಕಾದ್ದು. ಅಲ್ಲಿ ಸುಮಾರು ಐದರಲ್ಲಿ ಒಬ್ಬರು ಸಿಕಲ್ ಸೆಲ್ ವಾಹಕರು. 1960ರ ದಶಕದಲ್ಲಿ ವಿಜ್ಞಾನಿ ಸ್ಟಮಟೊಯಾನೊಪೌಲೊಸ್ ಮತ್ತು ತಂಡ ಊರಿನವರ ರಕ್ತ ಪರೀಕ್ಷಿಸಿ, ವಾಹಕ ವಾಹಕರನ್ನು ಮದುವೆಯಾಗದಂತೆ ತಿಳಿಹೇಳಿತು. ಅಲ್ಲೂ ಮದುವೆ ಕುದುರಿಸುವವರು ಹಿರಿಯರೇ. ಕೆಲವು ವರ್ಷ ಬಿಟ್ಟು ಹೋಗಿ ನೋಡಿದರೆ ವಾಹಕ ದಂಪತಿಗಳ ಸಂಖ್ಯೆ ಪರೀಕ್ಷೆಯೇ ನಡೆಯದಿದ್ದರೆ ಎಷ್ಟಿರುತ್ತಿತ್ತೋ ಅಷ್ಟೇ ಇತ್ತು. ಜನ ಫಲಿತಾಂಶ ಬಚ್ಚಿಟ್ಟಿದ್ದರು, ಯಾಕೆಂದರೆ ವಾಹಕ ಎಂಬ ಹಣೆಪಟ್ಟಿ ಸಂಬಂಧ ಕೆಡಿಸುತ್ತಿತ್ತು. ಆರೋಗ್ಯವಂತರಿಗೆ ಕಳಂಕ ಬಂತು, ಕಾಯಿಲೆ ಮಾತ್ರ ಕಡಿಮೆಯಾಗಲಿಲ್ಲ. ಅಮೆರಿಕದಲ್ಲಿ 1970ರ ದಶಕದ ಆರಂಭದಲ್ಲಿ ಕೆಲವು ರಾಜ್ಯಗಳು ಕಪ್ಪು ಜನರಿಗೆ ಇದೇ ಪರೀಕ್ಷೆಯನ್ನು ಕಡ್ಡಾಯ ಮಾಡಿದಾಗಲೂ ಕೆಲಸ, ವಿಮೆ ಕಳೆದುಕೊಂಡದ್ದು ಆರೋಗ್ಯವಂತ ವಾಹಕರೇ. 1972ರ ಫೆಡರಲ್ ಕಾನೂನು ಪರೀಕ್ಷೆ ಸ್ವಇಚ್ಛೆಯದ್ದಾಗಿರಬೇಕು ಎಂದು ಹೇಳಬೇಕಾಯಿತು.

ಈ ಎರಡು ಕಥೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಭಾರತದ ಇಂದಿನ ಅಭಿಯಾನವನ್ನು ನೋಡಬೇಕು. 2023ರ ಜುಲೈ 1ರಂದು ಮಧ್ಯಪ್ರದೇಶದ ಶಹಡೋಲ್‌ನಲ್ಲಿ ರಾಷ್ಟ್ರೀಯ ಸಿಕಲ್ ಸೆಲ್ ಅನೀಮಿಯಾ ನಿರ್ಮೂಲನ ಅಭಿಯಾನ ಆರಂಭವಾಯಿತು. 40 ವರ್ಷದೊಳಗಿನ 7 ಕೋಟಿ ಜನರ ತಪಾಸಣೆ, 2047ರೊಳಗೆ ನಿರ್ಮೂಲನೆ ಅದರ ಗುರಿ. 17 ರಾಜ್ಯಗಳ ಪಟ್ಟಿಯಲ್ಲಿ ಕರ್ನಾಟಕವೂ ಇದೆ. ದಕ್ಷಿಣ ಭಾರತದಲ್ಲಿ ಸಿಕಲ್ ಸೆಲ್ ಪತ್ತೆಯಾದದ್ದು 1952ರಷ್ಟು ಹಿಂದೆ, ಚಾಮರಾಜನಗರದ ನೆರೆಯ ನೀಲಗಿರಿಯ ಬುಡಕಟ್ಟುಗಳಲ್ಲಿ. ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ 1981ರಲ್ಲಿ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಸೋಲಿಗರ ನಡುವೆ ಈ ಕಾಯಿಲೆಯ ಕೆಲಸ ಮಾಡಿದೆ. ಅಲ್ಲಿ ಪರೀಕ್ಷೆಗಿಂತ ಮೊದಲು ಆಸ್ಪತ್ರೆ ಇತ್ತು, ಹೆರಿಗೆ ಮಾಡಿಸಿದ ಕೈ ಇತ್ತು, ಹೆಸರು ಹಿಡಿದು ಕರೆಯುವ ಪರಿಚಯ ಇತ್ತು. ರಕ್ತ ಕೊಡುವಾಗ ಸೋಲಿಗರಿಗೆ ಅದು ಯಾರ ಕೈಗೆ ಹೋಗುತ್ತದೆ ಎಂಬುದು ಗೊತ್ತಿತ್ತು.

ಅಭಿಯಾನ ಪರೀಕ್ಷೆಯಾದವರಿಗೆ ಕಾರ್ಡ್ ಕೊಡುತ್ತದೆ. ಜಾತಕ ಹೊಂದಿಸುವಂತೆ ಈ ಕಾರ್ಡನ್ನೂ ಹೊಂದಿಸಿ ನೋಡಿ ಎಂಬ ಮಾತು ಅದರ ವೇದಿಕೆಗಳಿಂದ ಕೇಳಿಬರುತ್ತಿದೆ. ಒಳ್ಳೆಯ ಉದ್ದೇಶದ ಮಾತು ಅದು. ಆದರೆ ಒರ್ಕೊಮೆನೊಸ್‌ನಲ್ಲಿ ಬಚ್ಚಿಡಬೇಕಾದ ರಹಸ್ಯವಾಗಿದ್ದದ್ದು ಇಲ್ಲಿ ಕೈಗೆ ಕೊಟ್ಟ ಗುರುತಾಗುತ್ತದೆ. ಹದಿನಾರರ ಹುಡುಗಿಯ ಕಾರ್ಡ್ ಅವಳ ಅಪ್ಪನ ಪೆಟ್ಟಿಗೆಯಲ್ಲಿರುತ್ತದೆ. ಹೆಣ್ಣು ನೋಡಲು ಬಂದವರು ಕೇಳಿದರೆ ಆಕೆ ಬೇಡ ಎನ್ನಲಾರಳು. ಕಾರ್ಡಿನ ಈ ದಾರಿಯನ್ನು ಮರುಪರಿಶೀಲಿಸಬೇಕು ಎಂಬುದು ಈ ಉಪನ್ಯಾಸದ ಸ್ಪಷ್ಟ ನಿಲುವು.

ಬೇರೆ ದಾರಿಗಳು ಇವೆ. ನ್ಯೂಯಾರ್ಕಿನ ಯೆಹೂದಿ ಧರ್ಮಗುರು ಜೋಸೆಫ್ ಎಕ್‌ಸ್ಟೀನ್ ಟೇ ಸ್ಯಾಕ್ಸ್ ಎಂಬ ಕಾಯಿಲೆಯಿಂದ ನಾಲ್ಕು ಮಕ್ಕಳನ್ನು ಕಳೆದುಕೊಂಡವರು. 1983ರಲ್ಲಿ ಅವರು ಡೋರ್ ಯೆಶೋರಿಮ್ ಎಂಬ ವ್ಯವಸ್ಥೆ ಆರಂಭಿಸಿದರು. ಅಲ್ಲೂ ಹಿರಿಯರು ಕುದುರಿಸುವ ಮದುವೆ, ಅಲ್ಲೂ ಮನೆತನದ ಮಾನದ ಭಯ. ಹುಡುಗ ಹುಡುಗಿಯರ ರಕ್ತ ಪರೀಕ್ಷಿಸಿ ಅವರಿಗೆ ಒಂದು ಸಂಖ್ಯೆ ಮಾತ್ರ ಕೊಡುತ್ತಾರೆ. ಫಲಿತಾಂಶ ಅವರಿಗೂ ತಿಳಿಯುವುದಿಲ್ಲ. ಸಂಬಂಧದ ಮಾತು ಬಂದಾಗ ಎರಡೂ ಸಂಖ್ಯೆಗಳನ್ನು ತಿಳಿಸಿದರೆ ಈ ಜೋಡಿ ಹೊಂದುತ್ತದೆ ಅಥವಾ ಇಲ್ಲ ಎಂಬ ಉತ್ತರ ಬರುತ್ತದೆ. ಒಬ್ಬರೇ ವಾಹಕರಾಗಿದ್ದರೆ ಅದು ಯಾರ ಕಿವಿಗೂ ಬೀಳುವುದಿಲ್ಲ. ತನ್ನ ರಕ್ತದ ಸಂಗತಿ ತನಗೇ ತಿಳಿಯದಿರುವುದು ಸರಿಯೇ ಎಂಬ ಆಕ್ಷೇಪ ಇದೆ, ಅದು ಗಂಭೀರವಾದ ಆಕ್ಷೇಪವೇ. ಆದರೂ ಸಂಪ್ರದಾಯಸ್ಥ ಸಮುದಾಯವೊಂದು ತನ್ನ ಮೌಲ್ಯಗಳನ್ನು ಬಿಡದೆ ಪರೀಕ್ಷೆಯನ್ನು ಒಗ್ಗಿಸಿಕೊಂಡ ಬಗೆ ಇದು. ಸೈಪ್ರಸ್ ದ್ವೀಪದಲ್ಲಿ ಥಲಸ್ಸೇಮಿಯಾ ಹೆಚ್ಚು. 1980ರ ದಶಕದಲ್ಲಿ ಅಲ್ಲಿನ ಚರ್ಚು ಮದುವೆಗೆ ಮೊದಲು ಪ್ರಮಾಣಪತ್ರ ಕೇಳತೊಡಗಿತು. ಪತ್ರದಲ್ಲಿ ಇರುವುದು ಪರೀಕ್ಷೆಯಾಗಿದೆ, ಸಲಹೆ ಸಿಕ್ಕಿದೆ ಎಂಬುದಷ್ಟೇ. ವಾಹಕ ಜೋಡಿಗಳಲ್ಲಿ ಬಹುತೇಕರು ಮದುವೆ ಮುರಿಯಲಿಲ್ಲ. ತಿಳಿದೇ ಮದುವೆಯಾಗಿ, ಬಸಿರಿನ ಸಮಯದಲ್ಲಿ ಪರೀಕ್ಷೆ ಮಾಡಿಸಿಕೊಂಡರು. ಥಲಸ್ಸೇಮಿಯಾದ ಮಕ್ಕಳು ಹುಟ್ಟುವುದು ಅಲ್ಲಿ ತೀರ ವಿರಳವಾಯಿತು.

ಕಳಂಕವಿಲ್ಲದ ಒಂದು ಉದಾಹರಣೆ ಕರ್ನಾಟಕದ ಪೇಟೆ ಬೀದಿಗಳಲ್ಲೇ ಇದೆ. ಆರ್ಯವೈಶ್ಯರಲ್ಲಿ ಕೆಲವರಿಗೆ ರಕ್ತದ ಒಂದು ಕಿಣ್ವದ ಕೊರತೆ ಇರುತ್ತದೆ. ಶಸ್ತ್ರಚಿಕಿತ್ಸೆಗೆ ಮುಂಚೆ ಸ್ನಾಯು ಸಡಿಲಿಸಲು ಕೊಡುವ ಸ್ಕೋಲಿನ್ ಎಂಬ ಔಷಧಿಯ ಪ್ರಭಾವ ಬೇರೆಯವರಲ್ಲಿ ನಿಮಿಷಗಳಲ್ಲಿ ಇಳಿದರೆ, ಇವರಲ್ಲಿ ಗಂಟೆಗಟ್ಟಲೆ ಉಳಿಯುತ್ತದೆ, ಅಷ್ಟು ಹೊತ್ತೂ ಯಂತ್ರದ ಉಸಿರು ಬೇಕಾಗುತ್ತದೆ. ದಕ್ಷಿಣದ ಅರಿವಳಿಕೆ ತಜ್ಞರು ಇದನ್ನು ಬಲ್ಲರು. ಸಮುದಾಯ ಕೇಳಿ, ಔಷಧಿ ಬದಲಿಸುತ್ತಾರೆ. ಹೈದರಾಬಾದಿನ ಕೆ. ತಂಗರಾಜ್, ಹಾರ್ವರ್ಡ್‌ನ ಡೇವಿಡ್ ರೈಕ್ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ಅಧ್ಯಯನ, ತಲೆತಲಾಂತರ ತಮ್ಮೊಳಗೇ ಮದುವೆಯಾಗುತ್ತ ಬಂದ ಇಂಥ ಅನೇಕ ಸಮುದಾಯಗಳಿಗೆ ತಮ್ಮದೇ ಆನುವಂಶಿಕ ಅಪಾಯಗಳಿರುತ್ತವೆ ಎಂದು ತೋರಿಸಿತು. ಈ ಕಿಣ್ವದ ಕಾರಣಕ್ಕೆ ವೈಶ್ಯರ ಮನೆಯ ಮದುವೆ ನಿಂತ ಮಾತು ಕೇಳಿಬರುವುದಿಲ್ಲ. ತಿಳಿದ ಮಾಹಿತಿಯಿಂದ ಆ ವ್ಯಕ್ತಿಗೇ ನೇರ ಉಪಯೋಗ ಇದೆ, ಪರಿಹಾರ ಅಗ್ಗದ್ದು, ಸಮುದಾಯಕ್ಕೆ ತನ್ನ ಮಾತು ನಡೆಸುವ ಶಕ್ತಿಯೂ ಇದೆ. ಹಂದಿಗೋಡಿನ ಕೂಲಿಯವರಿಗೆ ಈ ಮೂರರಲ್ಲಿ ಒಂದೂ ಇರಲಿಲ್ಲ.

ಹಳ್ಳಿಯ ಹೆಣ್ಣುಮಕ್ಕಳು ತಪಾಸಣೆ ಎಂದಾಗ ಹಿಂದೆ ಸರಿಯುವುದಕ್ಕೆ ಇನ್ನೊಂದು ಕಾರಣವನ್ನು ಮರೆಯುವಂತಿಲ್ಲ. ಗರ್ಭದ ನೀರು ತೆಗೆದು ನೋಡುವ ಪರೀಕ್ಷೆ 1970ರ ದಶಕದಲ್ಲಿ ಭಾರತಕ್ಕೆ ಬಂದದ್ದು ಭ್ರೂಣದ ದೋಷ ಪತ್ತೆಗೆ. ಬಳಕೆಯಾದದ್ದು ಹೆಣ್ಣು ಭ್ರೂಣ ಪತ್ತೆಗೆ. 1994ರಲ್ಲಿ ಕಾನೂನು ಬಂತು, 2003ರಲ್ಲಿ ಬಿಗಿಯಾಯಿತು. ಆದರೂ 2023ರ ಕೊನೆಯಲ್ಲಿ ಮಂಡ್ಯದ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟು ಲಿಂಗ ಪತ್ತೆ ಮಾಡುತ್ತಿದ್ದ ಜಾಲ ಪೊಲೀಸರಿಗೆ ಸಿಕ್ಕಿತು. ಬೆಲ್ಲ ಕಾಯಿಸುವ ಜಾಗದಲ್ಲಿ ಹೆಣ್ಣುಮಗುವಿನ ಜೀವದ ತೀರ್ಮಾನ ನಡೆಯುತ್ತಿತ್ತು ಎಂಬ ಸುದ್ದಿ ರಾಜ್ಯವನ್ನೇ ತಲ್ಲಣಗೊಳಿಸಿತು. ಹೊಟ್ಟೆಯೊಳಗಿನದನ್ನು ನೋಡುವ ಯಂತ್ರ ಎಂದರೆ ತನ್ನ ಮೇಲೆ ಒತ್ತಡ ತರುವ ಯಂತ್ರ ಎಂದು ಹೆಣ್ಣು ಅನುಭವದಿಂದಲೇ ಕಲಿತಿದ್ದಾಳೆ. ಅಂಗವೈಕಲ್ಯದೊಂದಿಗೆ ಬದುಕುವವರ ಪ್ರಶ್ನೆಯೂ ಇದರ ಪಕ್ಕದಲ್ಲೇ ಇದೆ: ತಮ್ಮಂಥವರು ಹುಟ್ಟದಂತೆ ಮಾಡುವ ಉತ್ಸಾಹ, ಹುಟ್ಟಿದವರಿಗೆ ಇಳಿಜಾರು ದಾರಿ, ಶಾಲೆ, ಪಿಂಚಣಿ ಕೊಡುವಾಗ ಯಾಕೆ ಇರುವುದಿಲ್ಲ? ಈ ಪ್ರಶ್ನೆಗೆ ಉತ್ತರ ಕೊಡದ ಯಾವ ತಪಾಸಣಾ ಯೋಜನೆಗೂ ನೈತಿಕ ಬಲ ಇರುವುದಿಲ್ಲ.

ಕಾನೂನಿನ ಕಡೆ ಅಲ್ಪಸ್ವಲ್ಪ ಬೆಳಕಿದೆ. ಆನುವಂಶಿಕ ಕಾಯಿಲೆ ಎಂಬ ಒಂದೇ ಕಾರಣಕ್ಕೆ ವಿಮೆ ನಿರಾಕರಿಸುವುದು ತಾರತಮ್ಯ ಎಂದು ದೆಹಲಿ ಹೈಕೋರ್ಟ್ 2018ರ ಫೆಬ್ರುವರಿಯಲ್ಲಿ ತೀರ್ಪು ಕೊಟ್ಟಿತು. ಆದರೆ ಮದುವೆ, ಉದ್ಯೋಗಗಳಲ್ಲಿ ವಂಶವಾಹಿ ಮಾಹಿತಿಯ ದುರುಪಯೋಗ ತಡೆಯಲೆಂದೇ ಮಾಡಿದ ಕಾನೂನು ದೇಶದಲ್ಲಿಲ್ಲ. ಇತ್ತ ವಿಜ್ಞಾನ ದಾಪುಗಾಲಿಡುತ್ತಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರದ ನೇತೃತ್ವದಲ್ಲಿ ನಡೆದ ಜೀನೋಮ್ ಇಂಡಿಯಾ ಯೋಜನೆ 83 ಜನಸಮುದಾಯಗಳ 10,000 ಜನರ ಪೂರ್ಣ ಜೀನೋಮ್ ಓದಿ, 2025ರ ಜನವರಿಯಲ್ಲಿ ಆ ದತ್ತಾಂಶವನ್ನು ಸಂಶೋಧಕರಿಗೆ ತೆರೆಯಿತು. ಯಾವ ಸಮುದಾಯದಲ್ಲಿ ಯಾವ ಕಾಯಿಲೆ ಅಡಗಿದೆ ಎಂಬ ಪಟ್ಟಿಗಳು ಇನ್ನು ಮುಂದೆ ಹೆಚ್ಚುತ್ತಲೇ ಹೋಗುತ್ತವೆ. ಜಾತಿಯ ಹೆಸರಿನ ಜೊತೆ ಕಾಯಿಲೆಯ ಹೆಸರು ಸೇರುವ ಆ ದಿನಗಳಿಗೆ ಊರುಗಳು ಈಗಲೇ ಮಾತಾಡಿಕೊಂಡು ಸಿದ್ಧವಾಗಬೇಕು.

ಹೊನ್ನಾಳಿ, ನ್ಯಾಮತಿಯ ಮಟ್ಟಿಗೆ ಬೇಕಾದದ್ದು ದುಬಾರಿ ಯಂತ್ರ ಅಲ್ಲ. ಮೂರು ತಲೆಮಾರಿನ ವಂಶವೃಕ್ಷ ಬರೆದುಕೊಳ್ಳಲು ಒಂದು ಹಾಳೆ, ಪೆನ್ಸಿಲ್ ಸಾಕು. ಯಾರ ಮಗು ಸಣ್ಣದರಲ್ಲೇ ಹೋಯಿತು, ಯಾರಿಗೆ ಕಿವಿ ಕೇಳದು, ಯಾರು ಯಾರಿಗೆ ಸೋದರಿಕೆ ಎಂಬುದನ್ನು ಮನೆಯ ಹಿರಿಯ ಹೆಂಗಸು ಒಂದೇ ಉಸಿರಿಗೆ ಹೇಳಬಲ್ಲಳು. ಕೇಳುವವರು ಬೇಕು, ಕೇಳಿದ್ದನ್ನು ಹೊರಗೆ ಬಿಡದವರು ಬೇಕು. ಆಶಾ ಕಾರ್ಯಕರ್ತೆ ಅದೇ ಓಣಿಯ ಸೊಸೆ. ಅವಳ ಮೇಲೆ ಈ ಗುಟ್ಟಿನ ಭಾರ ಹೊರಿಸುವುದು ಅವಳಿಗೂ ಕಷ್ಟ, ಹೇಳುವವರಿಗೂ ಕಷ್ಟ. ಹೊರ ಊರಿನಿಂದ ಬರುವ, ಕನ್ನಡದಲ್ಲೇ ಬಿಡಿಸಿ ಹೇಳುವ, ಬಾಗಿಲು ಮುಚ್ಚಿದ ಕೋಣೆಯಲ್ಲಿ ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿ ಮಾತಾಡುವ ಆಪ್ತ ಸಲಹೆಗಾರ್ತಿ ಬೇಕು. ಫಲಿತಾಂಶ ಮೊದಲು ಯಾರ ರಕ್ತವೋ ಅವರ ಕೈಗೇ ಸೇರಬೇಕು, ಅತ್ತೆಯ ಕೈಗಲ್ಲ. ಕಷ್ಟದ ಪ್ರಕರಣಗಳನ್ನು ಕಳಿಸಲು ಬೆಂಗಳೂರಿನಲ್ಲಿ ರಾಜ್ಯ ಸರ್ಕಾರದ ನೆರವಿನ ಮಾನವ ತಳಿವಿಜ್ಞಾನ ಕೇಂದ್ರ ಇದೆ, ಮಣಿಪಾಲದಲ್ಲಿ ವೈದ್ಯಕೀಯ ತಳಿಶಾಸ್ತ್ರ ವಿಭಾಗ ಇದೆ. ಅಲ್ಲಿಂದ ಇಲ್ಲಿಗೆ ತಿಂಗಳಿಗೊಮ್ಮೆ ಒಬ್ಬರು ಬರುವ ಏರ್ಪಾಡು, ಅಲ್ಲಿಗೆ ಹೋಗುವ ಬಡವರಿಗೆ ಬಸ್ಸಿನ ಖರ್ಚು, ಇಷ್ಟನ್ನು ಆರೋಗ್ಯ ಇಲಾಖೆ ಮಾಡಿಕೊಡಬಲ್ಲದು. ಹಾಗೆ ಮಾಡಿ ಎಂದು ಕೇಳುವ ಮೊದಲ ಠರಾವು ಗೋವಿನಕೋವಿಯ ಗ್ರಾಮಸಭೆಯಿಂದಲೇ ದಾವಣಗೆರೆಗೆ ಹೋಗಬಹುದು. ಠರಾವು ಬರೆಯುವ ದಿನ ಹೆಣ್ಣುಮಕ್ಕಳೂ ಸಭೆಯಲ್ಲಿದ್ದು, ಕಾರ್ಡ್ ಬೇಕೋ ಬೇಡವೋ ಎಂಬುದನ್ನು ಅವರೇ ಹೇಳಲಿ.